ಪುನುಗಿನ ಸರುವು

ಹೊಸಪೇಟೆ
14 ಅಕ್ಟೋಬರ್ 2006

ಚಿ. ಶ್ರೀವಾಣಿಗೆ ಆಶೀರ್ವಾದ.

ನೀನು ಕಳಿಸಿದ ಅಚ್ಚಿನ ನಮೂನೆ ಬಂತು. ಅದರಲ್ಲಿ ಕೇಳಿದ ಕ್ರಮದಲ್ಲೇ ಉತ್ತರ ಬರೆಯುತ್ತೇನೆ.

ನಾನು ಕೃಷ್ಣಾಬಾಯಿ. ವಯಸ್ಸು ಅರವತ್ತಾರು. 1956ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಆ ವರ್ಷ ನಮ್ಮ ಓಣಿಯಿಂದ ಪಾಸಾದ ಹುಡುಗಿ ನಾನೊಬ್ಬಳೇ. ಕಾಲುವೆಯ ಕೆಳಗೆ ಹನ್ನೆರಡು ಎಕರೆ ಗದ್ದೆ, ಪಾಪಿನಾಯಕನಹಳ್ಳಿಯ ಆಚೆ ಗುಡ್ಡದ ಬುಡದಲ್ಲಿ ಹದಿನೆಂಟು ಎಕರೆ ಕಲ್ಲುಭೂಮಿ, ಎರಡರ ಪಹಣಿಯೂ ನನ್ನ ಹೆಸರಿನಲ್ಲಿದೆ. ಮಾವನವರು ಗಂಡುಮಕ್ಕಳನ್ನು ಬಿಟ್ಟು ಸೊಸೆಯ ಹೆಸರಿಗೆ ಮಾಡಿಸಿದರು. ಯಾಕೆಂದು ಊರಿನಲ್ಲಿ ಯಾರೂ ಕೇಳಲಿಲ್ಲ. ಕಂಪ್ಲಿಯ ಹಾದಿಯಲ್ಲಿರುವ ನರಸಿಂಹ ದೇವರಿಗೆ ಜಯಂತಿಯ ದಿನ ಹಚ್ಚುವ ಪುನುಗು ಐದು ತಲೆಮಾರಿನಿಂದ ನಮ್ಮ ಮನೆಯಿಂದ ಹೋಗುತ್ತದೆ. ಆ ದಿನದ ಮೊದಲ ತೀರ್ಥ ನಮ್ಮ ಮನೆಯವರಿಗೆ. ನಮಗೆ ಕೊಡುವ ತನಕ ಬೇರೆಯವರು ಕೈ ಚಾಚುವುದಿಲ್ಲ.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೆ ನಮೂನೆಯಲ್ಲಿ ‘ಮಾಹಿತಿ ನೀಡುವವರ ಪರಿಚಯ’ ಎಂದಿದೆ. ನನ್ನ ಮಗನ ಹೆಂಡತಿ ನನ್ನ ಪರಿಚಯ ಕೇಳುವ ಕಾಲ ಬಂತು, ಕೊಟ್ಟಿದ್ದೇನೆ.

ಎರಡನೆಯದು ಪ್ರಾಣಿಗಳ ಚಿತ್ರ ನೋಡಿ ಗುರುತಿಸುವುದು. ಜಮೀನು ನೋಡಿಕೊಳ್ಳುವ ಜಂಬಪ್ಪನನ್ನು ಕರೆಸಿ ಕೂರಿಸಿದೆ. ಮುಂಗುಸಿ ನಮ್ಮ ಹಿತ್ತಲಿಗೇ ದಿನಾ ಬರುತ್ತದೆ. ಮರಬೆಕ್ಕು ಹೋದ ಬೇಸಿಗೆಯಲ್ಲಿ ಕಟ್ಟಿಗೆಮನೆಯ ಜಂತಿಯ ಮೇಲೆ ಮರಿ ಹಾಕಿತ್ತು. ತರಕರಡಿಯನ್ನು ಜಂಬಪ್ಪ ನೋಡಿಲ್ಲ, ಅವನ ಅಪ್ಪ ನೋಡಿದ್ದನಂತೆ. ಮೈಮೇಲೆ ತುಕ್ಕಿನ ಚುಕ್ಕೆ ಇರುವ ಸಣ್ಣ ಬೆಕ್ಕನ್ನು ಮನೆಯ ಬೆಕ್ಕಿನ ಮರಿ ಎಂದ. ನೀರುನಾಯಿಯ ಚಿತ್ರ ನೋಡಿ ನಕ್ಕುಬಿಟ್ಟ. “ಇದರ ಸುದ್ದಿ ನಮ್ಮನ್ಯಾಕ ಕೇಳ್ತಾರ್ರಿ? ಕಂಪ್ಲಿ ಹೊಳಿ ಬೆಸ್ತರನ್ನ ಕೇಳಂತ ಹೇಳ್ರಿ. ಮೀನಿನ ಬಲಿ ಹರಿಸಿಕೊಂಡೋರು ಅವರು, ಬೈಗಳ ಸಮೇತ ಹೇಳ್ತಾರ” ಎಂದ. ಅವನ ಮಾತನ್ನು ಹಾಗೇ ಬರೆದಿದ್ದೇನೆ, ನಿನ್ನ ಕೆಲಸಕ್ಕೆ ಬಂದರೆ ಬರಲಿ.

ಆರನೆಯ ಚಿತ್ರ ಪುನುಗು ಬೆಕ್ಕಿನದು. ನಮ್ಮ ಜಮೀನಿನಲ್ಲಿ ಅದು ಇಲ್ಲ. ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದ್ದೇನೆ.

ಮನೆಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವ ವ್ಯಾಸರಾಜನ ಮಕ್ಕಳು, ಅವನ ಹೆಂಡತಿಯ ತಂದೆತಾಯಿ, ಮನೆ ತುಂಬ ಜನರಿದ್ದಾರೆ. ನಿನ್ನ ವಿಳಾಸದಲ್ಲಿ ಸಂಡೂರು, ಮೇಲಿನ ಕೋಣೆ ಎಂದಷ್ಟೇ ಇದೆ. ಯಾರ ಮನೆಯ ಮೇಲಿನ ಕೋಣೆ ಎಂದು ಬರೆದಿಲ್ಲ.

ಕೃಷ್ಣಾಬಾಯಿ


ಸಂಡೂರು
2 ನವೆಂಬರ್ 2006

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಮೂನೆ ತಲುಪಿತು. ನಾವು ಕಳಿಸಿದ ಇನ್ನೂರರಲ್ಲಿ ಹೀಗೆ ಪೂರ್ತಿ ತುಂಬಿ ಬಂದದ್ದು ನಿಮ್ಮದೊಂದೇ. ಕಂಪ್ಲಿಗೆ ಹೋಗಿ ಬೆಸ್ತರನ್ನು ಕೇಳಿದೆವು. ಜಂಬಪ್ಪ ಹೇಳಿದ್ದು ನಿಜ, ಬೈಗಳ ಸಮೇತ ಹೇಳಿದರು.

ನಮ್ಮ ಕೆಲಸ ಏನೆಂದು ನಾನು ಯಾವತ್ತೂ ನಿಮಗೆ ಹೇಳಲಿಲ್ಲ, ನೀವೂ ಕೇಳಲಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಯ ಬಂಡೆಗಳು ಇವನ್ನೆಲ್ಲ ನಕಾಶೆಯ ಮೇಲೆ ಚೌಕ ಚೌಕವಾಗಿ ಗೆರೆ ಹಾಕಿದ್ದೇವೆ. ಒಂದೊಂದು ಚೌಕದಲ್ಲೂ ನಡೆದು, ಮಾಂಸ ತಿನ್ನುವ ಈ ಸಣ್ಣ ಪ್ರಾಣಿಗಳ ಹೆಜ್ಜೆ, ಹಿಕ್ಕೆ, ಬಿಲ ಹುಡುಕುತ್ತೇವೆ. ತಾನೇ ಫೋಟೋ ತೆಗೆಯುವ ಕ್ಯಾಮೆರಾ ನಮ್ಮಲ್ಲಿ ಎಂಟೇ ಇವೆ. ಹಾಗಾಗಿ ಗುರುತು ಸಿಕ್ಕ ಜಾಗದಲ್ಲಿ ಮಾತ್ರ ಇಡುತ್ತೇವೆ. ಏಪ್ರಿಲ್ ಮಧ್ಯಕ್ಕೆ ಒಂದು ಪಟ್ಟಿ ಕೊಡಬೇಕು: ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಮೊದಲು ಉಳಿಸಬೇಕಾದ ಜಾಗಗಳು ಇವು ಎಂದು. ಗಣಿಗಳಿಗೆ, ಅದಿರಿನ ಸ್ಟಾಕ್‌ಯಾರ್ಡಿಗೆ, ಹೊಸ ರಸ್ತೆಗೆ ಜಾಗ ಕೊಡುವವರು ಆ ಪಟ್ಟಿಯನ್ನು ನೋಡುತ್ತಾರೆ ಎಂದು ಹೇಳಿದ್ದಾರೆ. ಚಿರತೆ, ಕರಡಿಗಳ ಪರವಾಗಿ ಮಾತಾಡುವವರಿದ್ದಾರೆ. ಇವುಗಳಿಗೆ ಯಾರೂ ಇಲ್ಲ.

ನಿಮ್ಮನ್ನು ಒಂದು ಮಾತು ಕೇಳಬೇಕು. ನಾನು ಆ ಮನೆಯಲ್ಲಿದ್ದ ಎರಡು ವರ್ಷವೂ ನೀವು ವೈಶಾಖದಲ್ಲಿ ದೇವರ ಮನೆಯ ಬಾಗಿಲ ಬಳಿ ಕೂತು, ಪುನುಗಿನಿಂದ ಸೂಜಿಯಲ್ಲಿ ಕೂದಲು ಆರಿಸುತ್ತಿದ್ದಿರಿ. ಅದು ಹೊಸ ಪುನುಗು. ಕೂದಲೂ ಹೊಸದು. ಎಲ್ಲಿಂದ ಬರುತ್ತಿತ್ತು?

ನಿಮಗೆ ಅಚ್ಚಿನ ನಮೂನೆ ಕಳಿಸಬಾರದಿತ್ತು. ಬರೆಯುವುದಕ್ಕೆ ಬೇರೆ ನೆಪ ಸಿಗಲಿಲ್ಲ.

ಶ್ರೀವಾಣಿ


ಹೊಸಪೇಟೆ
20 ನವೆಂಬರ್ 2006

ಚಿ. ಶ್ರೀವಾಣಿಗೆ ಆಶೀರ್ವಾದ.

ಪುನುಗು ಹೈದರಾಬಾದಿನ ಅತ್ತರಿನ ಅಂಗಡಿಯಿಂದ ಬರುತ್ತದೆ. ನಿನ್ನ ಮಾವನವರ ಕಾಲದಿಂದ ಅಲ್ಲಿಂದಲೇ. ಕೂದಲು ಹೊಸದೋ ಹಳೆಯದೋ ನಾನು ಪರೀಕ್ಷೆ ಮಾಡಿಲ್ಲ.

ನೀನು ಪ್ಯಾಂಟು ಹಾಕಿಕೊಂಡು ಜೀಪಿನಲ್ಲಿ ಗಂಡಸರ ಜೊತೆ ಹೋಗುವುದನ್ನು ಟಿ.ಬಿ. ಡ್ಯಾಮಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡವರು ಬಂದು ಹೇಳಿದರು. ಹೇಳಿದವರಿಗೆ ನಾನು ಕಾಫಿ ಕೊಡಲಿಲ್ಲ. ಅದರ ಅರ್ಥ ನಾನು ಒಪ್ಪಿದೆನೆಂದಲ್ಲ.

ಕಿರಿಮಗ ಅಭಯನ ಸ್ಕೂಟರು ಪಾಪಿನಾಯಕನಹಳ್ಳಿಯ ತಿರುವಿನಲ್ಲಿ ಅದಿರಿನ ಲಾರಿಯ ಕೆಳಗೆ ಹೋಗಿ ಮೂರೂವರೆ ವರ್ಷವಾಯಿತು. ಅವನ ಮಾಸಿಕ ಶ್ರಾದ್ಧಗಳು ಮುಗಿಯುವ ಮೊದಲೇ ನೀನು ಧಾರವಾಡಕ್ಕೆ ಓದಲು ಹೋದೆ. ಹೋಗುವ ದಿನ ನಾನು ದೇವರ ಮನೆಯಿಂದ ಹೊರಗೆ ಬರಲಿಲ್ಲ ಎಂದು ನಿನ್ನ ಮನಸ್ಸಿನಲ್ಲಿ ಇರಬಹುದು. ಪಾರಾಯಣದಲ್ಲಿದ್ದೆ.

ಲಕೋಟೆಯ ಮೇಲೆ ನಿನ್ನ ಹೆಸರು ಬರೆಯುವಾಗ ಪ್ರತಿ ಸಲ ಕೈ ತಡೆಯುತ್ತದೆ. ‘ಸೌ.’ ಎಂದು ಬರೆಯುವ ಹಾಗಿಲ್ಲ. ವಿಧವೆಯೆಂದು ನನ್ನ ಹೆಸರಿನ ಹಿಂದೆ ಬರೆಯುವುದನ್ನು ಇಪ್ಪತ್ತೊಂಬತ್ತು ವರ್ಷದವಳ ಹೆಸರಿನ ಹಿಂದೆ ಬರೆಯಲು ನನಗೆ ಆಗುವುದಿಲ್ಲ. ಹಾಗಾಗಿ ಬರೀ ಹೆಸರು.

ನಮ್ಮ ಜಮೀನಿನ ಚೌಕವನ್ನೂ ನಡೆದು ನೋಡಬೇಕು ಎಂದಾದರೆ ಅಡ್ಡಿ ಇಲ್ಲ, ಜಂಬಪ್ಪ ಕರೆದುಕೊಂಡು ಹೋಗುತ್ತಾನೆ. ಯಾವ ದಿನ ಬರುತ್ತೀರೆಂದು ವಾರ ಮೊದಲೇ ತಿಳಿಸು. ಮನೆಗೆ ಬರುವುದಾದರೂ ತಿಳಿಸಬೇಕು, ಅಡುಗೆಯವರಿಗೆ ಹೇಳಬೇಕಾಗುತ್ತದೆ.

ಸಂಡೂರಿನಲ್ಲಿ ಈ ತಿಂಗಳು ಚಳಿ ಜಾಸ್ತಿ. ಶಾಲು ನಿನ್ನ ಕಪಾಟಿನಲ್ಲೇ ಬಿಟ್ಟು ಹೋಗಿದ್ದೀ. ಪಾರ್ಸಲ್ ಮಾಡಿಸಿದ್ದೇನೆ.

ಕೃಷ್ಣಾಬಾಯಿ


ಸಂಡೂರು
6 ಜನವರಿ 2007

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಶಾಲು ಬಂತು. ಹೊದ್ದುಕೊಂಡೇ ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆಯ ವಾರ ಎರಡು ದಿನ ನಿಮ್ಮ ಜಮೀನಿನಲ್ಲಿ ನಡೆದೆವು. ಗುಡ್ಡದ ಹೊರಮೈ ಎಲ್ಲ ಅದಿರಿನ ಧೂಳು ಕೂತು ಕೆಂಪಾಗಿದೆ, ಎಲೆಯ ಬಣ್ಣವೇ ಕಾಣುವುದಿಲ್ಲ. ಆದರೆ ಒಳಗೆ ಇಳಿದರೆ ಆ ಸರುವು, ಮಳೆನೀರು ಹರಿಯುವ ಕೊರಕಲು, ಎರಡು ಕಡಿದಾದ ದಂಡೆಯ ನಡುವೆ ಈಚಲು, ಅತ್ತಿಮರ, ಡಿಸೆಂಬರಿನಲ್ಲೂ ಮಡುವಿನಲ್ಲಿ ನೀರು. ಅಲ್ಲಿ ಧೂಳು ಇಳಿದಿಲ್ಲ. ಈ ಆರು ತಿಂಗಳಲ್ಲಿ ಪುನುಗು ಬೆಕ್ಕಿಗೆ ಹೇಳಿ ಮಾಡಿಸಿದಂಥ ಜಾಗ ಇದೊಂದೇ ಎಂದು ನನಗೆ ಅನ್ನಿಸಿತು. ಜೊತೆಯವರಿಗೂ.

ಆದರೆ ಏನೂ ಸಿಗಲಿಲ್ಲ. ಒಂದು ಹಿಕ್ಕೆ ಇಲ್ಲ. ಬಂಡೆಗಳ ಮೇಲೆ ಎಲೆಯೂ ಇರಲಿಲ್ಲ, ಗುಡಿಸಿಟ್ಟ ಹಾಗೆ. ದಂಡೆಯುದ್ದಕ್ಕೂ ಹೊಸ ಮಣ್ಣು ಮುಚ್ಚಿದ ಸಣ್ಣ ಕುಣಿಗಳಿದ್ದವು, ನಾನು ಎಣಿಸಿದ್ದು ಹದಿನಾಲ್ಕು. ಜಂಬಪ್ಪನನ್ನು ಕೇಳಿದರೆ ಆಡು ಕಟ್ಟಿದ ಗೂಟದ್ದು ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕ್ಯಾಮೆರಾ ಇಡದೆ ಬಂದೆವು. ನಿಯಮ ಅದು. ಚೌಕ ನಲವತ್ತೇಳು, ಖಾಲಿ ಎಂದು ನಾನೇ ಬರೆದೆ. ಪಟ್ಟಿಯಲ್ಲಿ ಸದ್ಯ ಹನ್ನೊಂದು ಜಾಗಗಳಿವೆ. ಕರಡನ್ನು ತಾಲ್ಲೂಕು ಕಚೇರಿಗಳಿಗೆ ಕಳಿಸಿದ್ದಾರೆ.

ಎರಡನೆಯ ದಿನ ಸಂಜೆ ಹೊಸಪೇಟೆಗೆ ಬಂದಿದ್ದೆ. ನಮ್ಮ ಓಣಿಯ ತನಕ ಬಂದೆ. ನೀವು ಕಿಟಕಿಯ ಬಳಿ ಬತ್ತಿ ಹೊಸೆಯುತ್ತಿದ್ದುದು ಕಂಡಿತು. ಅಡುಗೆಯವರಿಗೆ ಹೇಳಿರಲಿಲ್ಲ, ತಿರುಗಿ ಹೋದೆ.

ಶ್ರೀವಾಣಿ


ಹೊಸಪೇಟೆ
18 ಫೆಬ್ರವರಿ 2007

ಚಿ. ಶ್ರೀವಾಣಿಗೆ ಆಶೀರ್ವಾದ.

ನಿನ್ನ ಪತ್ರಕ್ಕೆ ಆರು ವಾರ ಉತ್ತರ ಬರೆಯಲಿಲ್ಲ. ಬರೆಯುವುದು ಇರಲಿಲ್ಲ. ಈಗ ಒಂದು ವಿಷಯ ತಿಳಿದುಕೊಳ್ಳಬೇಕಾಗಿದೆ.

ಹೋದ ಗುರುವಾರ ವ್ಯಾಸರಾಜ ಊಟವಾದ ಮೇಲೆ ಕಾಗದಗಳನ್ನು ತಂದು ನನ್ನ ಮುಂದೆ ಹರಡಿದ. ಸರುವಿನ ಬಾಯಿಯಲ್ಲಿರುವ ಹದಿನೆಂಟು ಎಕರೆಯನ್ನು ಅದಿರಿನ ಸ್ಟಾಕ್‌ಯಾರ್ಡಿಗೆ ಹತ್ತು ವರ್ಷ ಗುತ್ತಿಗೆಗೆ ಕೇಳಿದ್ದಾರೆ. ಸರುವನ್ನು ಮಣ್ಣು ಹಾಕಿ ಮುಚ್ಚಿ ಅದರ ಮೇಲೆ ಲಾರಿ ಹೋಗುವ ದಾರಿ ಮಾಡುತ್ತಾರೆ. ನನ್ನ ಸಹಿ ಒಂದು ಬೇಕು. ನಾನು ಆಗುವುದಿಲ್ಲ ಎಂದೆ. ಯಾಕೆಂದು ಹೇಳಲಿಲ್ಲ. ಅವನು ಸಿಟ್ಟು ಮಾಡಲಿಲ್ಲ, ಇನ್ನೊಂದು ಹಾಳೆ ತೆಗೆದ. ನಿಮ್ಮ ಪಟ್ಟಿಯ ಕರಡು. ಅದು ಅವರ ಕೈಗೆ ಹೇಗೆ ಬಂತೋ ತಿಳಿಯದು. ಚೌಕ ನಲವತ್ತೇಳರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

“ಅಮ್ಮ, ಅಲ್ಲಿ ಬರೇ ಕಲ್ಲು ಮುಳ್ಳು ಅದ. ನಾ ಹೇಳಿದ್ರ ನೀ ನಂಬೂದಿಲ್ಲ. ಇದನ್ನ ಬರದಾಕಿ ನಿನ್ನ ಸಣ್ಣ ಸೊಸಿ. ಏನೂ ಇಲ್ಲ ಅಂತ ಆಕಿನ ಸಹಿ ಮಾಡ್ಯಾಳ, ನೀ ಯಾಕ ಕೈ ಹಿಂದ ಇಟಗೊಂಡು ಕುಂತಿ?” ಎಂದ.

ಲಾರಿಗಳು ಯಾವ ಕಡೆಯಿಂದ ಬರುತ್ತವೆ ಎಂದು ಕೇಳಿದೆ.

“ಯಾವ ಕಡಿಂದ ಅಂದ್ರ, ಅದ ರೋಡಿನಾಗ” ಎಂದ. ಕಾಗದ ಅಲ್ಲೇ ಬಿಟ್ಟು ಎದ್ದು ಹೋದ.

ವ್ಯಾಸರಾಜ ಕೆಟ್ಟವನಲ್ಲ. ತಮ್ಮ ಹೋದ ದಿನ ಆ ರಸ್ತೆಯ ಮೇಲೆ ಕೂತು ಅತ್ತವನು. ಆದರೆ ಸುತ್ತ ಎಲ್ಲರ ಹೊಲದಲ್ಲೂ ಅದಿರಿನ ಗುಡ್ಡೆ ಬಿದ್ದಿರುವಾಗ ತನ್ನ ತಾಯಿ ಒಬ್ಬಳೇ ಕಲ್ಲು ಕಾಯುತ್ತಾಳೆ ಎಂದು ಅವನಿಗೆ ನಾಚಿಕೆ.

ನಾನು ಕೇಳಬೇಕಾದ್ದು ಇಷ್ಟು. ಖಾಲಿ ಎಂದು ಬರೆದ ಚೌಕವನ್ನು ತಿರುಗಿ ತಿದ್ದಿ ಬರೆಯಲು ಬರುತ್ತದೆಯೆ? ಯಾಕೆ ಎಂದು ಕೇಳಬೇಡ.

ಕೃಷ್ಣಾಬಾಯಿ


ಸಂಡೂರು
1 ಮಾರ್ಚ್ 2007

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ತಿದ್ದಲು ಬರುತ್ತದೆ, ಏಪ್ರಿಲ್ ಹದಿನೈದರ ತನಕ. ಅದಕ್ಕೆ ಕಣ್ಣಿಗೆ ಕಾಣುವ ಗುರುತು ಬೇಕು. ಇಲ್ಲವೆ ಆ ಜಾಗವನ್ನು ಬಹಳ ವರ್ಷದಿಂದ ಬಲ್ಲವರು ತಮ್ಮ ಹೆಸರು ಹೇಳಿ, ಅರಣ್ಯ ಇಲಾಖೆಯವರ ಎದುರು ಬರೆದು ಸಹಿ ಮಾಡಿ, ಜಾಗಕ್ಕೆ ಬಂದು ತೋರಿಸಬೇಕು. ತಮಗೆ ಹೇಗೆ ಗೊತ್ತು ಎಂಬುದನ್ನೂ ಅದರಲ್ಲಿ ಹೇಳಬೇಕಾಗುತ್ತದೆ. ಪುನುಗು ಬೆಕ್ಕು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಅನುಮತಿ ಇಲ್ಲದೆ ಅದರಿಂದ ಬಂದದ್ದನ್ನು ತೆಗೆದು ಇಟ್ಟುಕೊಂಡರೆ ಇಲಾಖೆಯವರು ಕೇಸು ಮಾಡಬಹುದು.

ಯಾಕೆ ಎಂದು ಕೇಳುವುದಿಲ್ಲ. ನಾಳೆಯಿಂದ ಹತ್ತು ದಿನ ಕಂಪ್ಲಿಯ ಹೊಳೆಯಲ್ಲಿ ಇರುತ್ತೇನೆ.

ಶ್ರೀವಾಣಿ


ಹೊಸಪೇಟೆ
12 ಮಾರ್ಚ್ 2007

ಚಿ. ಶ್ರೀವಾಣಿಗೆ ಆಶೀರ್ವಾದ.

ನಾನು ನಿನಗೆ ಸುಳ್ಳು ಹೇಳಿದೆ. ಹೈದರಾಬಾದಿನಲ್ಲಿ ನಮಗೆ ಯಾವ ಅಂಗಡಿಯೂ ಇಲ್ಲ.

ಆ ಹದಿನಾಲ್ಕು ಕುಣಿಗಳು ಗೂಟದವು. ಆಡಿನ ಗೂಟವಲ್ಲ. ಕಮರದ ಕಟ್ಟಿಗೆಯ, ಮೊಣಕಾಲಿನ ಎತ್ತರದ ಗೂಟಗಳನ್ನು ನಮ್ಮ ಹಿರಿಯರು ಸರುವಿನ ದಂಡೆಯುದ್ದಕ್ಕೂ ಬೆಕ್ಕು ತಿರುಗುವ ಜಾಗ ನೋಡಿ ನೆಟ್ಟಿದ್ದರು. ಪುನುಗು ಬೆಕ್ಕು ಗೂಟಕ್ಕೆ ಬೆನ್ನು ಮಾಡಿ ನಿಂತು ತನ್ನ ಗುರುತಿನ ಜಿಡ್ಡು ತಿಕ್ಕಿ ಹೋಗುತ್ತದೆ, ಅದೇ ಪುನುಗು. ಬೆಕ್ಕನ್ನು ಹಿಡಿಯುವುದಿಲ್ಲ, ಬೋನಿಗೆ ಹಾಕುವುದಿಲ್ಲ, ಕಾಯುವುದೂ ಇಲ್ಲ. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಜಂಬಪ್ಪ ಹೋಗಿ ತೆಂಗಿನ ಚಿಪ್ಪಿನಿಂದ ಕೆರೆದು ತರುತ್ತಾನೆ, ಮೊದಲು ಅವನ ಅಪ್ಪ ತರುತ್ತಿದ್ದ. ಗೂಟ ಗೆದ್ದಲು ಹಿಡಿದರೆ ಅದೇ ಕುಣಿಯಲ್ಲಿ ಹೊಸದು. ಯಾವ ಗೂಟದಲ್ಲಿ ಎಷ್ಟು ಬಂತು, ಯಾವುದರಲ್ಲಿ ಬರಲಿಲ್ಲ ಎಂಬುದರ ಮೇಲೆ ನನ್ನ ಅತ್ತೆ ಎಷ್ಟು ಬೆಕ್ಕು ಇವೆ, ಯಾವ ಕಡೆ ಮರಿ ಹಾಕಿವೆ ಎಂದು ಕೂತಲ್ಲೇ ಹೇಳುತ್ತಿದ್ದರು. ನಾನೂ ಹೇಳಬಲ್ಲೆ. ನೀವು ಎಂಟು ಕ್ಯಾಮೆರಾ ಇಟ್ಟು ಹುಡುಕುವುದನ್ನು ನಮ್ಮ ಮನೆಯ ಹೆಂಗಸರು ಹದಿನಾಲ್ಕು ಗೂಟದಲ್ಲಿ ಲೆಕ್ಕ ಹಾಕುತ್ತಿದ್ದರು.

ಜಾಗ ಎಲ್ಲಿದೆ ಎಂದು ಗಂಡಸರಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಗಂಡಸರು ಪುನುಗಿನ ಭರಣಿ ಹೊತ್ತು ಗುಡಿಗೆ ಹೋಗುತ್ತಾರೆ, ಅಷ್ಟೆ. ಅತ್ತೆ ತನಗೆ ಸರಿಕಂಡ ಒಬ್ಬ ಸೊಸೆಗೆ ಹೇಳುತ್ತಾಳೆ. ಆ ಜಮೀನು ನನ್ನ ಹೆಸರಿಗೆ ಬಂದದ್ದೂ ಅದಕ್ಕೇ. ವ್ಯಾಸರಾಜನ ಹೆಂಡತಿಗೆ ಪುನುಗಿನ ವಾಸನೆಗೆ ತಲೆ ಸುತ್ತುತ್ತದೆ, ಅವಳು ಆಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಆ ವರ್ಷದ ಜಯಂತಿಯ ಹಿಂದಿನ ದಿನ ನಿನ್ನನ್ನು ಸರುವಿಗೆ ಕರೆದುಕೊಂಡು ಹೋಗುವುದೆಂದು ಜಂಬಪ್ಪನಿಗೆ ಹೇಳಿ ಇಟ್ಟಿದ್ದೆ. ಜಯಂತಿಗೆ ಹನ್ನೊಂದು ದಿನ ಇರುವಾಗ ಅಭಯ ಹೋದ. ಆಮೇಲೆ ನೀನು ಹೋದೆ.

ನಿನ್ನ ನಮೂನೆ ಬಂದಾಗ ನನಗೆ ಎಲ್ಲಕ್ಕಿಂತ ಮೊದಲು ಬಂದದ್ದು ಸಿಟ್ಟು. ಮನೆಯವಳಾಗಿ ಕೇಳಿದ್ದರೆ ಕೊಡುತ್ತಿದ್ದುದನ್ನು ಸರ್ಕಾರದವಳ ಹಾಗೆ ಅಚ್ಚಿನ ಕಾಗದದಲ್ಲಿ ಕೇಳಿದ್ದೀ ಎಂದು. ಹೊರಗೆ ಗೊತ್ತಾದರೆ ಸೇವೆ ನಿಲ್ಲುತ್ತದೆ ಎಂಬ ಭಯ ಆಮೇಲೆ ಬಂತು. ನೀನು ಬರುವ ದಿನ ತಿಳಿಸಿದ ಕೂಡಲೇ ಜಂಬಪ್ಪನಿಗೆ ಗೂಟ ಎಲ್ಲ ಕಿತ್ತು, ಬಂಡೆಯ ಮೇಲಿನ ಹಿಕ್ಕೆ ಗುಡಿಸಿ ಬಾ ಎಂದೆ. ಅವನು ಒಲ್ಲದ ಮನಸ್ಸಿನಿಂದ ನಿಂತ.

“ತಾಯಿ, ದಿನಾ ಬರೋ ಜಾಗದಾಗ ಗುರುತ ಇಲ್ಲಂದ್ರ ಅದು ಎಲ್ಲಿ ಅಂತ ಹುಡಿಕ್ಕೊಂತ ಹೊಕ್ಕೈತ್ರಿ?” ಎಂದ.

ಹೇಳಿದಷ್ಟು ಮಾಡು ಎಂದು ಗದರಿದೆ. ಮಾಡಿದ. ಗೂಟಗಳು ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗಿವೆ. ಹತ್ತು ವಾರವಾಯಿತು. ನಾಲ್ಕು ದಿನಕ್ಕೆ ತಿರುಗಿ ನೆಡಬೇಕೆಂದಿದ್ದೆ. ಅಷ್ಟರಲ್ಲಿ ಸ್ಟಾಕ್‌ಯಾರ್ಡಿನ ಅಳತೆಯವರು ಬಂದು ಹೋಗುವುದು ಶುರುವಾಯಿತು, ನೆಡಲು ಆಗಲಿಲ್ಲ. ನನ್ನ ಜಮೀನಿನಲ್ಲಿ ಏನೂ ಇಲ್ಲವೆಂದು ನಿನ್ನ ಕೈಯಿಂದ ಬರೆಸಿದವಳು ನಾನು. ಅದೇ ಕಾಗದವನ್ನು ನನ್ನ ಮಗ ನನ್ನ ಮುಂದೆ ಹಿಡಿದಿದ್ದಾನೆ. ಸಹಿ ಹಾಕದೆ ನಾನು ಇನ್ನು ಎಷ್ಟು ವರ್ಷ ಇರುತ್ತೇನೆ? ನಾನು ಹೋದ ಮಾರನೆಯ ತಿಂಗಳು ಅವನು ಹಾಕುತ್ತಾನೆ. ಪಟ್ಟಿಯಲ್ಲಿ ಇದ್ದರೆ ಒಂದು ತಡೆಯಾದರೂ ಇರುತ್ತದೆ.

ಹಾಗಾಗಿ ನೀನು ತಿದ್ದಬೇಕು. ಗೂಟದ ವಿಷಯ, ನನ್ನ ಹೆಸರು, ಮನೆಯ ಹೆಸರು ಬರೆಯದೆ, ನೀನೇ ತಿರುಗಿ ಹೋಗಿ ಕಂಡ ಹಾಗೆ ಬರೆದುಬಿಡು. ನಾನು ಯಾರಲ್ಲೂ ಏನನ್ನೂ ಕೇಳಿ ರೂಢಿಯಿಲ್ಲ. ನಿನಗೆ ಗೊತ್ತು.

ಇದನ್ನು ಬರೆದು ಎರಡು ದಿನ ಇಟ್ಟುಕೊಂಡಿದ್ದೆ.

ಕೃಷ್ಣಾಬಾಯಿ


ಸಂಡೂರು
20 ಮಾರ್ಚ್ 2007

ಪೂಜ್ಯ ಅತ್ತೆಯವರಿಗೆ.

ಕಾಣದ್ದನ್ನು ಕಂಡೆ ಎಂದು ಬರೆಯಲು ನನಗೆ ಬರುವುದಿಲ್ಲ. ಬರೆದರೆ ಉಳಿದ ಹನ್ನೊಂದು ಜಾಗಗಳ ಮಾತೂ ಸುಳ್ಳಾಗುತ್ತದೆ. ಅತ್ತೆಯ ಜಮೀನು ಉಳಿಸಲು ಸೊಸೆ ಪಟ್ಟಿ ತಿದ್ದಿದಳು ಎಂದು ಒಬ್ಬ ಹೇಳಿದರೆ ಸಾಕು, ಇಡೀ ಕೆಲಸವನ್ನು ಮೂಲೆಗೆ ಹಾಕಲು ಕಾದಿರುವವರಿದ್ದಾರೆ. ತಿರುಗಿ ಹುಡುಕಲು ಅನುಮತಿ ಕೇಳಿದೆ. ಖಾಲಿ ಚೌಕಕ್ಕೆ ಎರಡನೆಯ ಸಲ ಹೋಗುವಷ್ಟು ದಿನ ಉಳಿದಿಲ್ಲ ಎಂದರು.

ನಿಮ್ಮನ್ನು ಹೀಗೇ ಮಾಡಿ ಎಂದು ಹೇಳುವ ಅಧಿಕಾರ ನನಗಿಲ್ಲ.

ಆ ದಿನ ಜಂಬಪ್ಪ ಸರುವಿನ ಮಧ್ಯೆ ಒಂದು ಕಡೆ ನಿಂತು, ತಂಗೀ ಇಲ್ಲಿ ಸ್ವಲ್ಪ ಕುಂದ್ರಿ, ನೆರಳೈತಿ ಎಂದ. ಕೂತೆ. ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕೆಂದು ನಾಲ್ಕು ವರ್ಷದ ಹಿಂದೆ ನೀವು ಹೇಳಿ ಇಟ್ಟಿದ್ದಿರಿ ಎಂಬುದು ಈಗ ಗೊತ್ತಾಯಿತು. ನನಗೆ ಮೊದಲೇ ಗೊತ್ತಿದ್ದರೆ ಧಾರವಾಡಕ್ಕೆ ಹೋಗುತ್ತಿದ್ದೆನೋ ಇಲ್ಲವೋ, ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಹೋಗುತ್ತಿದ್ದೆ ಅನ್ನಿಸುತ್ತದೆ. ಆದರೆ ಹೇಳಿ ಹೋಗುತ್ತಿದ್ದೆ.

ಶ್ರೀವಾಣಿ


ಹೊಸಪೇಟೆ
6 ಮೇ 2007

ಚಿ. ಶ್ರೀವಾಣಿಗೆ ಆಶೀರ್ವಾದ.

ಕೆಲವು ಸಂಗತಿ ನಿನಗೆ ನಿಮ್ಮ ಕಚೇರಿಯಿಂದ ತಿಳಿದಿರುತ್ತದೆ. ಆದರೂ ನಾನು ಹೇಳಬೇಕಾದ್ದನ್ನು ನಾನೇ ಹೇಳುತ್ತೇನೆ.

ಏಪ್ರಿಲ್ ಒಂಬತ್ತರಂದು ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಮನೆಯಲ್ಲಿ ಮಠಕ್ಕೆ ಎಂದು ಹೇಳಿ ಹೊರಟಿದ್ದೆ. ಆ ದಿನದ ಮೊದಲ ಸುಳ್ಳು ಅದು. ಅಧಿಕಾರಿ ಚಿಕ್ಕ ವಯಸ್ಸಿನವನು. ಕುರ್ಚಿ ಕೊಟ್ಟ. ನಾನು ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ, ಅವನು ಎರಡು ಸಲ ಓದಿದ. ಇಷ್ಟು ವರ್ಷ ಗೂಟ ಕೆರೆದು ತಂದವರು ಯಾರು ಎಂದು ಕೇಳಿದ. ನಾನೇ ಎಂದೆ. ಅವನು ನನ್ನ ಕಾಲು ನೋಡಿದ, ಸರುವಿನ ದಂಡೆ ಇಳಿಯುವ ಕಾಲು ಅಲ್ಲ ಎಂದು ಅವನಿಗೂ ಗೊತ್ತಾಯಿತು. ಜಂಬಪ್ಪ ಹೊರಗೆ ಬೇವಿನ ಕೆಳಗೆ ಕೂತಿದ್ದ. ನಾನೇ ಎಂದು ಇನ್ನೊಂದು ಸಲ ಹೇಳಿದೆ. ಹಾಗೇ ಬರೆದುಕೊಂಡ. ಮುಂದೆ ಕರೆದರೆ ಬರಬೇಕಾಗುತ್ತದೆ ಅಂದ, ಬರುತ್ತೇನೆ ಅಂದೆ.

ಮರುದಿನ ಇಲಾಖೆಯವರನ್ನೂ ನಿಮ್ಮ ಕಚೇರಿಯವರನ್ನೂ ಸರುವಿಗೆ ಕರೆದುಕೊಂಡು ಹೋದೆ. ನೀನು ಹೊಳೆಯ ಕಡೆ ಇದ್ದೀ ಎಂದರು. ನಿನಗೆ ಹೇಳಿ ಕಳಿಸಲೇ ಎಂದು ಕೇಳಿದರು, ಬೇಡ ಎಂದೆ. ಜಂಬಪ್ಪ ಹೆಗಲು ಕೊಟ್ಟ, ಇಳಿದೆ. ಮೊದಲ ಕುಣಿಯಿಂದ ಶುರು ಮಾಡಿ ಒಂದೊಂದನ್ನೂ ತೋರಿಸುತ್ತಾ ನಡೆದೆ. ಎಂಟರ ತನಕ ಏನೂ ಇರಲಿಲ್ಲ. ನಾನು ಹೇಳಿದ್ದನ್ನು ಮುದುಕಿಯ ಮಾತು ಎಂದು ಅವರು ತಿಳಿದುಕೊಂಡರೆ ಆಶ್ಚರ್ಯವಿರಲಿಲ್ಲ. ಒಂಬತ್ತನೆಯ ಕುಣಿಯ ಹತ್ತಿರ ಬಂದಾಗ ನನಗೆ ವಾಸನೆ ಬಂತು. ಗೂಟ ಇಲ್ಲದ್ದರಿಂದ ಪಕ್ಕದ ಕಲ್ಲಿಗೆ ತಿಕ್ಕಿ ಹೋಗಿತ್ತು. ಹೊಸದು, ಬೆರಳಿಗೆ ಅಂಟುವಷ್ಟು. ಹನ್ನೊಂದರ ಹತ್ತಿರವೂ ಹಾಗೇ. ಹಿಕ್ಕೆಯೂ ಸಿಕ್ಕಿತು. ಫೋಟೋ ತೆಗೆದರು, ಡಬ್ಬಿಯಲ್ಲಿ ಹಾಕಿಕೊಂಡರು. ಜಂಬಪ್ಪ ಕಲ್ಲಿನ ಮುಂದೆ ಕೂತು ನಕ್ಕ.

ನಿಮ್ಮ ಪಟ್ಟಿಯಲ್ಲಿ ಸರುವು ಹನ್ನೆರಡನೆಯದಾಗಿ ಸೇರಿತು ಎಂದು ಇಪ್ಪತ್ತನೇ ತಾರೀಖು ತಿಳಿಸಿದರು. ಸೇರಿದ್ದರಿಂದಲೇ ಉಳಿಯುತ್ತದೆ ಎಂದು ಭರವಸೆ ಕೊಡಲು ಬರುವುದಿಲ್ಲ ಎಂದೂ ಹೇಳಿದರು. ಮಾತನ್ನು ಬೆಲ್ಲ ಹಚ್ಚದೆ ಹೇಳಿದ್ದು ನನಗೆ ಹಿಡಿಸಿತು.

ಮನೆಯಲ್ಲಿ ಸರುವು ತೋರಿಸಿ ಬಂದ ದಿನವೇ ಗೊತ್ತಾಗಿತ್ತು. ವ್ಯಾಸರಾಜ ಕೂಗಾಡಲಿಲ್ಲ. ಮನೆಯ ಗಂಡಸರಿಗೇ ಹೇಳದ ಜಾಗವನ್ನು ಬೀದಿಯವರಿಗೆ ತೋರಿಸಿ ಬಂದೆಯಲ್ಲ ಎಂದು ಒಂದೇ ಮಾತು ಹೇಳಿದ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮಕ್ಕಳು ಅಜ್ಜಿಯ ಕೋಣೆಗೆ ಬರುವುದು ಕಡಿಮೆಯಾಗಿದೆ. ಮನೆ ತುಂಬ ಜನರಿದ್ದಾರೆ ಎಂದು ನಿನಗೆ ಮೊದಲ ಪತ್ರದಲ್ಲಿ ಬರೆದಿದ್ದೆ. ಈಗಲೂ ಅಷ್ಟೇ ಜನರಿದ್ದಾರೆ.

ಹೋದ ಮಂಗಳವಾರ ಜಯಂತಿ. ಭರಣಿ ಹಿಡಿಯಲು ವ್ಯಾಸರಾಜ ಬರಲಿಲ್ಲ. ನಾನೇ ಆಟೋದಲ್ಲಿ ತೆಗೆದುಕೊಂಡು ಹೋದೆ, ಒಳಗೆ ಏನೂ ಹಾಕದೆ, ತೊಳೆದು. ಗುಡಿಯಲ್ಲಿ ಸುಮಾರು ನೂರು ಜನ ಇದ್ದರು. ಅರ್ಚಕರು ಮುಚ್ಚಳ ತೆಗೆದು ನೋಡಿ ನನ್ನ ಕಡೆ ನೋಡಿದರು. ಇನ್ನು ಮೇಲೆ ನಮ್ಮ ಮನೆಯಿಂದ ಪುನುಗು ಬರುವುದಿಲ್ಲ, ದೇವರಿಗೆ ಗಂಧ ಸಾಕು, ಇದು ನನ್ನ ತೀರ್ಮಾನ, ಮನೆಯವರದ್ದಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅರ್ಚಕರ ತಂದೆಯ ಕೈಯಿಂದಲೂ ನಾವೇ ಮೊದಲು ತೀರ್ಥ ತೆಗೆದುಕೊಂಡವರು. ಅವರು ತೀರ್ಥದ ಉದ್ಧರಣೆ ಕೈಯಲ್ಲಿ ಹಿಡಿದು ನಿಂತರು.

“ಹಂಗಾರ ತೀರ್ಥ ಮೊದಲ ಯಾರಿಗೆ ಕೊಡ್ಲಿ, ಅಮ್ಮಾ?” ಎಂದು ಕೇಳಿದರು.

“ಮುಂದ ಯಾರ ನಿಂತಾರ ಅವರಿಗೆ ಕೊಡ್ರಿ” ಎಂದೆ.

ಹಿಂದೆ ಹೋಗಿ ಕಂಬದ ಬಳಿ ನಿಂತೆ. ನನಗಿಂತ ಮೊದಲು ನಲವತ್ತು ಐವತ್ತು ಜನ ತೆಗೆದುಕೊಂಡರು. ನನ್ನ ಪಾಳಿ ಬಂದಾಗ ಕೈ ಚಾಚಿದೆ. ಹೊತ್ತಾಗಿತ್ತು, ಬಿಸಿಲಿಗೆ ತೀರ್ಥ ಬೆಚ್ಚಗಾಗಿತ್ತು.

ಇನ್ನೊಂದು ಕೆಲಸ ಉಳಿದಿತ್ತು. ಪಟ್ಟಿಯ ಮೇಲೆ ಪೂರ್ತಿ ನಂಬಿಕೆ ಇಡಲು ಆಗುವುದಿಲ್ಲ ಎಂದು ನಿಮ್ಮ ಕಚೇರಿಯವರೇ ಹೇಳಿದ್ದರು. ನನ್ನ ವಯಸ್ಸೂ ನಂಬುವಂಥದ್ದಲ್ಲ. ಶುಕ್ರವಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಸರುವೂ ಸೇರಿದಂತೆ ಆ ಹದಿನೆಂಟು ಎಕರೆಯನ್ನು ನಿನ್ನ ಹೆಸರಿಗೆ ದಾನಪತ್ರ ಮಾಡಿ ನೋಂದಣಿ ಮಾಡಿಸಿದ್ದೇನೆ. ಅಭಯನ ಪಾಲು ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ. ನಾನು ಹಾಗೆ ಬರೆಸಿಲ್ಲ. ನನ್ನ ಅತ್ತೆ ನನಗೆ ಕೊಡಿಸಿದ್ದನ್ನು ನನ್ನ ಸೊಸೆಗೆ ಕೊಟ್ಟಿದ್ದೇನೆ ಎಂದು ಬರೆಸಿದ್ದೇನೆ. ಗದ್ದೆ ಪೂರ್ತಿ ವ್ಯಾಸರಾಜನಿಗೆ.

ನಿನ್ನನ್ನು ಕೇಳದೆ ಮಾಡಿದ್ದೇನೆ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ಸ್ವೀಕರಿಸಿದ್ದೇನೆ ಎಂದು ನಿನ್ನ ಸಹಿ ಬೇಕಂತೆ, ಕಾಗದ ಇದರ ಜೊತೆಗಿದೆ. ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ನೀನೇ ತರುವುದಾದರೆ ಮೊದಲು ತಿಳಿಸಬೇಕಾಗಿಲ್ಲ. ಅಡುಗೆಯವರನ್ನು ಬಿಡಿಸಿದ್ದೇನೆ, ನನ್ನ ಒಲೆ ಈಗ ಬೇರೆ.

ನಿನ್ನ ಅತ್ತೆ,
ಕೃಷ್ಣಾಬಾಯಿ